ಹುಟ್ಟಿನ ಸತ್ಯ ಮಗುವಿನ ಸ್ವತ್ತು

ಮದುವೆಯಾಗಿ ವರ್ಷ ಕಳೆಯುವುದೇ ತಡ, ನೆಂಟರಿಷ್ಟರಿಂದ ‘ಏನಾದ್ರೂ ವಿಶೇಷ ಇದೆಯಾ?’ ಎಂಬ ವಿಚಾರಣೆ ಶುರುವಾಗುತ್ತದೆ. ನಾಲ್ಕೈದು ವರ್ಷವಾದ ಮೇಲೆ ವಿಚಾರಣೆ ನಿಂತು ಸಲಹೆಗಳು ಬರತೊಡಗುತ್ತವೆ. ಕುಕ್ಕೆಯಲ್ಲಿ ಸರ್ಪಸಂಸ್ಕಾರ ಮಾಡಿಸಿ, ಘಾಟಿಯಲ್ಲಿ ನಾಗಪ್ರತಿಷ್ಠೆ ಮಾಡಿಸಿ, ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಸಿಕೊಳ್ಳಿ. ಹರಕೆ ಹೊರುವವಳು, ಉಪವಾಸ ಇರುವವಳು, ಸ್ಕ್ಯಾನಿಂಗ್‌ಗೆ ಅಲೆಯುವವಳು, ಕೊನೆಗೆ ‘ಬಂಜೆ’ ಅನ್ನಿಸಿಕೊಳ್ಳುವವಳು ಹೆಣ್ಣೇ. ಗಂಡಸಿನ ವೀರ್ಯ ಪರೀಕ್ಷೆ ಖರ್ಚು ಕಡಿಮೆಯದು, ನೋವಿಲ್ಲದ್ದು. ಆದರೂ ಎಷ್ಟೋ ಮನೆಗಳಲ್ಲಿ ಅದರ ಸರದಿ ಬರುವುದು ಉಳಿದೆಲ್ಲ ಮುಗಿದ ಮೇಲೆ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯಂತೆ, ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲೊಬ್ಬರು ಬದುಕಿನ ಯಾವುದಾದರೊಂದು ಘಟ್ಟದಲ್ಲಿ ಬಂಜೆತನ ಅನುಭವಿಸುತ್ತಾರೆ. ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ದೋಷವೂ ಕಾರಣಗಳಲ್ಲೊಂದು. ಅಂಥವರಲ್ಲಿ ಕೆಲವರಿಗೆ ಔಷಧ, ಶಸ್ತ್ರಚಿಕಿತ್ಸೆ, ಪ್ರನಾಳ ಶಿಶು ತಂತ್ರ ಯಾವುದೂ ಫಲ ಕೊಡುವುದಿಲ್ಲ. ಆಗ ಉಳಿಯುವ ದಾರಿಗಳು ಮೂರು: ದತ್ತು ಪಡೆಯುವುದು, ಮಕ್ಕಳಿಲ್ಲದ ಬದುಕನ್ನು ನೆಮ್ಮದಿಯಿಂದ ಒಪ್ಪಿಕೊಳ್ಳುವುದು, ದಾನಿಯ ವೀರ್ಯದಿಂದ ಗರ್ಭ ಧರಿಸುವುದು. ಮೊದಲೆರಡರ ಬಗ್ಗೆ ಈಗ ನಾವು ಬಾಯಿಬಿಟ್ಟು ಮಾತಾಡುತ್ತೇವೆ. ಮೂರನೆಯದು ವೈದ್ಯರ ಕೋಣೆಯಿಂದ ಹೊರಗೆ ಬರುವುದೇ ಇಲ್ಲ.

ಈ ಮೂರನೆಯ ದಾರಿಯ ವೈದ್ಯಕೀಯ ಭಾಗ ಸರಳವಾದದ್ದು. ಕಾನೂನಿನ ಭಾಗ ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನದ 2021ರ ಕಾಯ್ದೆಯಿಂದ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಇತ್ಯರ್ಥವಾಗದೆ ಉಳಿದಿರುವ ಪ್ರಶ್ನೆಯೊಂದಿದೆ: ಹೀಗೆ ಹುಟ್ಟಿದ ಮಗುವಿಗೆ ತನ್ನ ಹುಟ್ಟಿನ ಬಗ್ಗೆ ತಿಳಿಯುವ ಹಕ್ಕು ಇದೆಯೇ? ಇದೆ ಎಂಬುದು ನನ್ನ ದೃಢವಾದ ನಂಬಿಕೆ. ಹೋದ ಸುಮಾರು ನೂರನಲವತ್ತು ವರ್ಷಗಳ ಅನುಭವವೂ ಅದನ್ನೇ ಹೇಳುತ್ತದೆ.

ಯಾರಿಗೆ, ಹೇಗೆ

ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲದ ಸ್ಥಿತಿ ನೂರು ಗಂಡಸರಲ್ಲಿ ಸುಮಾರು ಒಬ್ಬರಿಗೆ ಇರುತ್ತದೆ. ಇದರಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ವೃಷಣ ವೀರ್ಯಾಣುಗಳನ್ನು ತಯಾರಿಸುತ್ತದೆ, ಹೊರಬರುವ ನಾಳ ಮುಚ್ಚಿರುತ್ತದೆ ಅಥವಾ ಹುಟ್ಟಿನಿಂದಲೇ ಇರುವುದಿಲ್ಲ. ಎರಡನೆಯದರಲ್ಲಿ ತಯಾರಿಕೆಯೇ ನಿಂತಿರುತ್ತದೆ. ಒಂದು ಹೆಚ್ಚುವರಿ ಎಕ್ಸ್ ವರ್ಣತಂತು ಇರುವ ಕ್ಲೈನ್‌ಫೆಲ್ಟರ್ ಸ್ಥಿತಿ, ವೈ ವರ್ಣತಂತುವಿನ ತುಣುಕು ಕಳಚಿಹೋಗಿರುವುದು, ಹರೆಯದಲ್ಲಿ ಬಂದ ಮಂಗನಬಾವು ವೃಷಣಕ್ಕೆ ಇಳಿದದ್ದು, ಕ್ಯಾನ್ಸರಿಗೆ ಪಡೆದ ಕಿಮೊಥೆರಪಿ ಇವೆಲ್ಲ ಅದಕ್ಕೆ ಕಾರಣವಾಗಬಹುದು. ಇವುಗಳಲ್ಲಿ ಯಾವುದೂ ಗಂಡಸುತನದ ಅಳತೆಗೋಲಲ್ಲ. ದಾಂಪತ್ಯ ಸುಖಕ್ಕೂ ವೀರ್ಯಾಣುಗಳ ಸಂಖ್ಯೆಗೂ ಸಂಬಂಧವಿಲ್ಲ ಎಂಬುದನ್ನು ವೈದ್ಯರು ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಬೇಕು.

1992ರಲ್ಲಿ ಬ್ರಸೆಲ್ಸ್‌ನ ವಿಜ್ಞಾನಿಗಳು ಒಂದೇ ಒಂದು ವೀರ್ಯಾಣುವನ್ನು ಅಂಡಾಣುವಿನೊಳಗೆ ನೇರವಾಗಿ ಚುಚ್ಚುವ ‘ಇಕ್ಸಿ’ ವಿಧಾನದ ಯಶಸ್ಸನ್ನು ಪ್ರಕಟಿಸಿದರು. ಅಲ್ಲಿಂದೀಚೆಗೆ ದಾನಿಯ ಅಗತ್ಯ ಬಹಳ ಕಡಿಮೆಯಾಗಿದೆ. ವೀರ್ಯಾಣು ತೀರಾ ಕಡಿಮೆ ಇರುವವರಿಗೂ, ವೃಷಣದಿಂದಲೇ ವೀರ್ಯಾಣು ಹೆಕ್ಕಿದರೆ ನಾಳ ಮುಚ್ಚಿದವರಿಗೂ ಸ್ವಂತ ಮಗು ಪಡೆಯುವ ಅವಕಾಶವಿದೆ. ಹಾಗಾಗಿ ‘ವೀರ್ಯಾಣು ಸೊನ್ನೆ’ ಎಂಬ ಒಂದೇ ವರದಿ ನೋಡಿ ದಾನಿಯ ಮಾತೆತ್ತುವುದು ತಪ್ಪು. ಪರೀಕ್ಷೆ ಮತ್ತೊಮ್ಮೆ ಆಗಬೇಕು, ಹಾರ್ಮೋನು ಮತ್ತು ವರ್ಣತಂತುಗಳ ತಪಾಸಣೆ ನಡೆಯಬೇಕು, ಗಂಡಸರ ಬಂಜೆತನದ ತಜ್ಞರು ನೋಡಬೇಕು. ಅದೆಲ್ಲ ಮುಗಿದು ಸ್ವಂತ ವೀರ್ಯಾಣು ಸಿಗದು ಎಂದು ಖಾತ್ರಿಯಾದವರಿಗೆ, ಗಂಭೀರ ಆನುವಂಶಿಕ ಕಾಯಿಲೆ ಮಗುವಿಗೆ ದಾಟುವ ಭಯ ಇರುವವರಿಗೆ, ಸಂಗಾತಿಯಿಲ್ಲದೆ ತಾಯಿಯಾಗಲು ಬಯಸುವ ಮಹಿಳೆಗೆ ಈ ದಾರಿ.

ವಿಧಾನ ಇಷ್ಟೇ: ಹೆಣ್ಣಿನ ಗರ್ಭನಾಳಗಳು ತೆರೆದಿವೆಯೇ ಎಂದು ಮೊದಲು ನೋಡುತ್ತಾರೆ. ತಿಂಗಳ ಚಕ್ರದಲ್ಲಿ ಅಂಡಕೋಶಿಕೆ ಬೆಳೆಯುವುದನ್ನು ಸ್ಕ್ಯಾನಿಂಗ್‌ನಲ್ಲಿ ಗಮನಿಸುತ್ತಾರೆ. ಅದು 18ರಿಂದ 20 ಮಿಲಿಮೀಟರ್ ತಲುಪಿದಾಗ ಅಂಡಾಣು ಬಿಡುಗಡೆಗೆ ಇಂಜೆಕ್ಷನ್ ಕೊಟ್ಟು, ಸುಮಾರು 36 ಗಂಟೆಗಳ ನಂತರ, ತೊಳೆದು ಸಿದ್ಧಪಡಿಸಿದ ದಾನಿಯ ವೀರ್ಯಾಣುಗಳನ್ನು ಅರ್ಧ ಮಿಲಿಲೀಟರಿನಷ್ಟು ದ್ರವದಲ್ಲಿ ತೆಳುವಾದ ನಳಿಕೆಯ ಮೂಲಕ ಗರ್ಭಕೋಶದೊಳಗೆ ಬಿಡುತ್ತಾರೆ. ಇದನ್ನೇ ಐಯುಐ ಎನ್ನುವುದು. ಅರಿವಳಿಕೆ ಬೇಡ, ಆಸ್ಪತ್ರೆಯಲ್ಲಿ ಉಳಿಯುವುದೂ ಬೇಡ, ಕೆಲವೇ ನಿಮಿಷದ ಕೆಲಸ. ಒಂದು ಸಲಕ್ಕೆ ಗರ್ಭ ನಿಲ್ಲುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಹತ್ತರಿಂದ ಇಪ್ಪತ್ತು. ಹೆಣ್ಣಿನ ವಯಸ್ಸು 35 ದಾಟಿದಂತೆ ಅದು ಇಳಿಯುತ್ತದೆ, 40ರ ನಂತರ ಇನ್ನೂ ಬೇಗ ಕುಸಿಯುತ್ತದೆ. ನಾಲ್ಕಾರು ಸಲ ಫಲಿಸದಿದ್ದರೆ ದಾನಿಯ ವೀರ್ಯದಿಂದಲೇ ಪ್ರನಾಳ ಶಿಶು ತಂತ್ರಕ್ಕೆ ಹೋಗುವುದುಂಟು. ಮೊದಲ ಸಲವೇ ಆಗಬೇಕೆಂಬ ನಿರೀಕ್ಷೆಯೊಡನೆ ಬಂದವರಿಗೆ ಈ ಅಂಕಿಗಳು ಮುಂಚೆಯೇ ಗೊತ್ತಿರಬೇಕು.

ಗುಟ್ಟಿನ ಚರಿತ್ರೆ

ದಾಖಲೆಯಲ್ಲಿ ಸಿಗುವ ಮೊದಲ ಪ್ರಕರಣವೇ ಮುಚ್ಚುಮರೆಯದು. 1884ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ವಿಲಿಯಂ ಪ್ಯಾಂಕೋಸ್ಟ್ ಎಂಬ ವೈದ್ಯ, ಮಕ್ಕಳಿಲ್ಲದ ವ್ಯಾಪಾರಿಯೊಬ್ಬನ ಹೆಂಡತಿಗೆ ಕ್ಲೋರೋಫಾರಂ ಕೊಟ್ಟು ಪ್ರಜ್ಞೆ ತಪ್ಪಿಸಿ, ತನ್ನ ವಿದ್ಯಾರ್ಥಿಯೊಬ್ಬನ ವೀರ್ಯವನ್ನು ಗರ್ಭಕ್ಕೆ ಸೇರಿಸಿದ. ಗಂಡನಿಗೆ ಆಮೇಲೆ ಹೇಳಿದರು, ಹೆಂಡತಿಗೆ ಹೇಳಲೇ ಇಲ್ಲ. ಆ ದಿನ ಅಲ್ಲಿದ್ದ ವಿದ್ಯಾರ್ಥಿಗಳಲ್ಲೊಬ್ಬನಾದ ಅಡಿಸನ್ ಡೇವಿಸ್ ಹಾರ್ಡ್ 1909ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದ ನಂತರವೇ ಇದು ಲೋಕಕ್ಕೆ ತಿಳಿದದ್ದು. ಇಂದಿನ ಕಣ್ಣಿಗೆ ಅದು ಚಿಕಿತ್ಸೆಯಲ್ಲ, ಆ ಹೆಣ್ಣುಮಗಳ ಮೇಲೆ ನಡೆದ ದೌರ್ಜನ್ಯ.

ಲಂಡನ್ನಿನ ಮೇರಿ ಬಾರ್ಟನ್ ಎಂಬ ವೈದ್ಯೆ ತಾನು ಮಾಡುತ್ತಿದ್ದ ಈ ಬಗೆಯ ಚಿಕಿತ್ಸೆಯ ಬಗ್ಗೆ 1945ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಾಗ ದೊಡ್ಡ ಗದ್ದಲವಾಯಿತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ನೇಮಿಸಿದ ಸಮಿತಿ 1948ರಲ್ಲಿ ಇದನ್ನು ಅಪರಾಧವೆಂದು ಸಾರಬೇಕೆಂದಿತು. ಮರುವರ್ಷ ಪೋಪ್ ಹನ್ನೆರಡನೇ ಪಯಸ್ ಖಂಡಿಸಿದರು. ಟೀಕೆ ಹೆಚ್ಚಿದಷ್ಟೂ ಗುಟ್ಟು ಗಟ್ಟಿಯಾಯಿತು. ಬಾರ್ಟನ್ ಕ್ಲಿನಿಕ್ಕಿನ ದಾಖಲೆಗಳನ್ನು ಸುಟ್ಟುಹಾಕಲಾಯಿತು. ದಶಕಗಳ ನಂತರ ಡಿಎನ್‌ಎ ಪರೀಕ್ಷೆ ಬಂದಾಗ, ಅಲ್ಲಿ ಹುಟ್ಟಿದವರಲ್ಲಿ ಬಹಳಷ್ಟು ಮಂದಿಗೆ ಬಾರ್ಟನ್ ಅವರ ಪತಿಯೇ ಜೈವಿಕ ತಂದೆ ಎಂಬುದು ಹೊರಬಿತ್ತು. ಆ ಸಂಖ್ಯೆ ನೂರಾರು ಎಂದು ಅಂದಾಜು. ನೆದರ್ಲೆಂಡ್ಸ್‌ನಲ್ಲಿ ಯಾನ್ ಕಾರ್ಬಾಟ್ ಎಂಬ ವೈದ್ಯ ದಾನಿಗಳ ಹೆಸರಿನಲ್ಲಿ ತನ್ನದೇ ವೀರ್ಯ ಬಳಸಿ 49 ಮಕ್ಕಳಿಗೆ ಕಾರಣನಾಗಿದ್ದುದು, ಅವನು ತೀರಿಕೊಂಡ ಮೇಲೆ, 2019ರಲ್ಲಿ ಖಚಿತವಾಯಿತು. ಯಾರೂ ಕೇಳುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯವೇ ಇಂಥ ಮೋಸಗಳಿಗೆ ನೀರೆರೆದದ್ದು.

ವೀರ್ಯವನ್ನು ಕೂಡಿಡುವ ವಿದ್ಯೆ ಬಂದದ್ದು ಪಶುವೈದ್ಯದ ಬೆನ್ನಹಿಂದೆ. ಅದರಲ್ಲಿ ಕರ್ನಾಟಕಕ್ಕೂ ಒಂದು ಸ್ಥಾನವಿದೆ: ಭಾರತದಲ್ಲಿ ಹಸುಗಳಿಗೆ ಕೃತಕ ಗರ್ಭಧಾರಣೆ ಮೊದಲು ನಡೆದದ್ದು 1939ರಲ್ಲಿ, ಮೈಸೂರು ಅರಮನೆಯ ಡೈರಿ ಫಾರಂನಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಗ್ಲಿಸರಿನ್ ಬೆರೆಸಿದರೆ ವೀರ್ಯಾಣುಗಳು ಶೀತಲೀಕರಣದಲ್ಲೂ ಬದುಕುತ್ತವೆ ಎಂಬುದನ್ನು 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ತೋರಿಸಿದರು. 1953ರಲ್ಲಿ ಅಮೆರಿಕದ ಅಯೋವಾದಲ್ಲಿ ಬಂಗೆ ಮತ್ತು ಶೆರ್ಮನ್ ಹೆಪ್ಪುಗಟ್ಟಿಸಿದ ಮಾನವ ವೀರ್ಯದಿಂದ ಗರ್ಭ ನಿಂತದ್ದನ್ನು ವರದಿ ಮಾಡಿದರು. ನಮ್ಮ ಹಳ್ಳಿಗಳ ಪಶು ಆಸ್ಪತ್ರೆಗಳಲ್ಲಿ ರೈತರು ನಿತ್ಯ ಕಾಣುವ ದ್ರವ ಸಾರಜನಕದ ಜಾಡಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಆ ಚಳಿ, ಇಂದು ಪ್ರತಿ ವೀರ್ಯ ಬ್ಯಾಂಕಿನಲ್ಲೂ ಇದೆ. ಶೀತಲೀಕರಣ ಸಾಧ್ಯವಾದದ್ದರಿಂದ ಒಂದು ದೊಡ್ಡ ಉಪಕಾರವಾಯಿತು. ವೀರ್ಯವನ್ನು ತಿಂಗಳುಗಟ್ಟಲೆ ಕಾದಿರಿಸಿ, ದಾನಿಯನ್ನು ಎಚ್‌ಐವಿಗೆ ಮತ್ತೆ ಪರೀಕ್ಷಿಸಿ, ಆಮೇಲೆ ಬಳಸುವುದು ಸಾಧ್ಯವಾಯಿತು.

ನಮ್ಮ ಕಾನೂನು ಏನೆನ್ನುತ್ತದೆ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2005ರಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ಅದಕ್ಕೆ ಕಾನೂನಿನ ಬಲ ಇರಲಿಲ್ಲ. 2012ರ ಹಿಂದಿ ಚಿತ್ರ ‘ವಿಕ್ಕಿ ಡೋನರ್’ನಲ್ಲಿ ಒಬ್ಬನೇ ಯುವಕ ಹತ್ತಾರು ಮನೆಗಳ ಮಕ್ಕಳಿಗೆ ದಾನಿಯಾಗುತ್ತಾನೆ. ಅಂದು ಅದನ್ನು ತಡೆಯುವ ಕಾಯ್ದೆ ಇರಲಿಲ್ಲ. ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನವನ್ನು ನಿಯಂತ್ರಿಸುವ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾದದ್ದು 2021ರ ಡಿಸೆಂಬರ್‌ನಲ್ಲಿ. ಜಾರಿಯಾದದ್ದು 2022ರ ಜನವರಿಯಲ್ಲಿ.

ಈ ಕಾಯ್ದೆಯಂತೆ ವೀರ್ಯ ಸಂಗ್ರಹಿಸುವ ಬ್ಯಾಂಕ್ ಬೇರೆ, ಚಿಕಿತ್ಸೆ ಕೊಡುವ ಕ್ಲಿನಿಕ್ ಬೇರೆ. ಎರಡೂ ನೋಂದಣಿಯಾಗಿರಬೇಕು. ಐಯುಐ ಮಾತ್ರ ಮಾಡುವ ಕ್ಲಿನಿಕ್ಕುಗಳಿಗೂ ನೋಂದಣಿ ಕಡ್ಡಾಯ. ವೀರ್ಯ ದಾನಿಯ ವಯಸ್ಸು 21ರಿಂದ 55ರೊಳಗೆ ಇರಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಆಗಲೇಬೇಕು. ಒಬ್ಬ ದಾನಿಯ ವೀರ್ಯವನ್ನು ಒಂದಕ್ಕಿಂತ ಹೆಚ್ಚು ದಂಪತಿಗೆ ಕೊಡುವಂತಿಲ್ಲ. ಚಿಕಿತ್ಸೆ ಪಡೆಯುವ ಮಹಿಳೆಗೆ 21 ದಾಟಿರಬೇಕು, 50 ತುಂಬಿರಬಾರದು. ಲಿಂಗ ಆಯ್ಕೆ ನಿಷಿದ್ಧ. ವೀರ್ಯ ಮಾರಾಟದ ದಂಧೆ ನಡೆಸಿದರೆ ಮೊದಲ ಸಲ ಐದರಿಂದ ಹತ್ತು ಲಕ್ಷ ರೂಪಾಯಿ ದಂಡ, ಮತ್ತೆ ಸಿಕ್ಕಿಬಿದ್ದರೆ ಮೂರರಿಂದ ಎಂಟು ವರ್ಷ ಜೈಲು.

ದಂಪತಿಗಳನ್ನು ಕಾಡುವ ದೊಡ್ಡ ಅಳುಕು ‘ಮುಂದೆ ದಾನಿ ಬಂದು ಮಗು ನನ್ನದು ಅಂದರೆ?’ ಎಂಬುದು. ಕಾಯ್ದೆ ಇದಕ್ಕೆ ನೇರ ಉತ್ತರ ಕೊಟ್ಟಿದೆ. ಹುಟ್ಟಿದ ಮಗು ಆ ದಂಪತಿಯ ಜೈವಿಕ ಮಗುವೆಂದೇ ಪರಿಗಣಿತ. ಸಹಜವಾಗಿ ಹುಟ್ಟಿದ ಮಗುವಿಗಿರುವ ಎಲ್ಲ ಹಕ್ಕುಗಳೂ ಅದಕ್ಕಿವೆ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ‘ಹೊರಗಿನವರದ್ದು ಬೇಡ, ಮೈದುನನದ್ದೇ ಇರಲಿ, ಮನೆಯ ರಕ್ತ ಮನೆಯಲ್ಲೇ ಉಳಿಯಲಿ’ ಎಂದು ಕೇಳುವ ಕುಟುಂಬಗಳೂ ಇವೆ. 2005ರ ಮಾರ್ಗಸೂಚಿಯೇ ನೆಂಟರ, ಪರಿಚಯದವರ ವೀರ್ಯವನ್ನು ಒಪ್ಪಿರಲಿಲ್ಲ. ಇಂಥ ಏರ್ಪಾಡಿನಲ್ಲಿ ಹಬ್ಬಕ್ಕೆ, ಮದುವೆಗೆ, ಆಸ್ತಿ ಪಾಲಿಗೆ ಎದುರುಬದುರಾಗುವ ಇಬ್ಬರು ಗಂಡಸರ ನಡುವೆ ಮಗು ಸಿಕ್ಕಿಬೀಳುತ್ತದೆ. ಜಾಲತಾಣಗಳಲ್ಲಿ ಪರಿಚಯವಾದ ‘ದಾನಿ’ಗಳ ವಿಷಯದಲ್ಲಂತೂ ಸೋಂಕಿನ ಪರೀಕ್ಷೆಯೂ ಇಲ್ಲ, ಕಾನೂನಿನ ರಕ್ಷಣೆಯೂ ಇಲ್ಲ.

ಪ್ರಯೋಗಾಲಯದ ಶಿಸ್ತು ಎಷ್ಟು ಮುಖ್ಯ ಎಂಬುದಕ್ಕೆ ದೆಹಲಿಯ ಪ್ರಕರಣವೊಂದು ಸಾಕ್ಷಿ. 2009ರಲ್ಲಿ ಹುಟ್ಟಿದ ಅವಳಿ ಮಕ್ಕಳಲ್ಲಿ ಒಂದರ ರಕ್ತದ ಗುಂಪು ತಂದೆತಾಯಿಯ ಗುಂಪಿನೊಡನೆ ತಾಳೆಯಾಗಲಿಲ್ಲ. ಗಂಡನ ವೀರ್ಯದ ಬದಲು ಬೇರೆಯವರದ್ದು ಬಳಕೆಯಾಗಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗ 2023ರಲ್ಲಿ ಒಂದೂವರೆ ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ದಾನಿಯ ವೀರ್ಯ ತಾನಾಗಿ ತಪ್ಪಲ್ಲ. ಒಪ್ಪಿಗೆಯಿಲ್ಲದೆ ಅದನ್ನು ಬಳಸುವುದು ತಪ್ಪು. ಹಾಗಾಗಿ ಗಂಡಹೆಂಡತಿ ಇಬ್ಬರ ಲಿಖಿತ ಒಪ್ಪಿಗೆಯೂ ಓದಿ, ಅರ್ಥ ಮಾಡಿಕೊಂಡು ಹಾಕಿದ ಸಹಿಯಾಗಿರಬೇಕು. ಅದು ಅವರಿಗೆ ಗೊತ್ತಿರುವ ಭಾಷೆಯಲ್ಲಿರಬೇಕು.

ಒಂಟಿ ತಾಯಂದಿರು

2021ರ ಕಾಯ್ದೆ ಅವಿವಾಹಿತ ಮಹಿಳೆಗೂ ಈ ಚಿಕಿತ್ಸೆಯ ಬಾಗಿಲು ತೆರೆದಿದೆ. ಅದೇ ಹೊತ್ತಿಗೆ ಬಂದ ಬಾಡಿಗೆ ತಾಯ್ತನದ ಕಾಯ್ದೆ ವಿಧವೆ ಮತ್ತು ವಿಚ್ಛೇದಿತೆಯರಿಗೆ ಮಾತ್ರ ಅವಕಾಶ ಕೊಟ್ಟದ್ದನ್ನು ನೆನೆದರೆ ಇದು ದೊಡ್ಡ ಹೆಜ್ಜೆ. ಒಟ್ಟಿಗೆ ಬಾಳುವ ಅವಿವಾಹಿತ ಜೋಡಿಗಳು ಮತ್ತು ಸಲಿಂಗಿ ಜೋಡಿಗಳನ್ನು ಕಾಯ್ದೆ ದಂಪತಿಯೆಂದು ಎಣಿಸುವುದಿಲ್ಲ. ಕನ್ನಡದ ನಟಿ ಹಾಗೂ ನೃತ್ಯ ಕಲಾವಿದೆ ಭಾವನಾ ರಾಮಣ್ಣ 2025ರ ಜುಲೈನಲ್ಲಿ, ತಾವು ಮದುವೆಯಾಗದೆ, ದಾನಿಯ ನೆರವಿನಿಂದ, ಪ್ರನಾಳ ಶಿಶು ತಂತ್ರದ ಮೂಲಕ ಗರ್ಭಿಣಿಯಾಗಿರುವುದನ್ನು ತಾವೇ ಸಾರ್ವಜನಿಕವಾಗಿ ಹೇಳಿಕೊಂಡರು. ಟೀಕಿಸಿದವರಿದ್ದರು, ಹರಸಿದವರೂ ಇದ್ದರು. ಕರ್ನಾಟಕದ ಮಟ್ಟಿಗೆ ಅದರ ಬೆಲೆ ಇರುವುದು ಆ ಮಾತನ್ನು ತಲೆ ತಗ್ಗಿಸದೆ ಹೇಳಿದ್ದರಲ್ಲಿ.

ಕಚೇರಿಗಳ ಅರ್ಜಿ ನಮೂನೆಗಳೂ ನಿಧಾನಕ್ಕೆ ಬದಲಾಗುತ್ತಿವೆ. ಅವಿವಾಹಿತ ತಾಯಿಯನ್ನೇ ಮಗುವಿನ ಪೋಷಕಿಯೆಂದು ನೇಮಿಸಲು ತಂದೆಗೆ ನೋಟಿಸ್ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪಿತ್ತಿತು. ದಾನಿಯ ನೆರವಿನಿಂದ ಒಂಟಿ ತಾಯಿ ಪಡೆದ ಮಗುವಿನ ಜನನ ನೋಂದಣಿಗೆ ತಂದೆಯ ವಿವರ ಕೇಳುವುದು ಆಕೆಯ ಘನತೆಗೆ ಕುಂದು ಎಂದು ಕೇರಳ ಹೈಕೋರ್ಟ್ 2021ರಲ್ಲಿ ಹೇಳಿತು.

ಮಗುವಿನ ಪಾಲು

ಈ ಕಾಯ್ದೆ ಹೆಚ್ಚು ಕಾಪಾಡಿರುವುದು ದಂಪತಿಯನ್ನು ಮತ್ತು ದಾನಿಯನ್ನು. ಮಗುವಿನ ಹಕ್ಕುಗಳ ಬಗ್ಗೆ ದಂಪತಿಗೆ ತಿಳಿಹೇಳಬೇಕೆಂದು ಕ್ಲಿನಿಕ್ಕುಗಳಿಗೆ ಸೂಚಿಸಿದೆ. ಆದರೆ ದಾನಿ ಯಾರೆಂದು ತಿಳಿಯುವ ಹಕ್ಕನ್ನು ಮಗುವಿಗೆ ಕೊಟ್ಟಿಲ್ಲ. 2005ರ ಮಾರ್ಗಸೂಚಿ ಒಂದು ನಡುದಾರಿಯನ್ನಾದರೂ ಹಿಡಿದಿತ್ತು: ಹೆಸರು, ವಿಳಾಸ ಬಿಟ್ಟು ಉಳಿದ ಮಾಹಿತಿಯನ್ನು, ಪ್ರಾಪ್ತ ವಯಸ್ಸಿಗೆ ಬಂದ ಮಗು ಬಯಸಿದರೆ ಕೊಡಬೇಕೆಂದಿತ್ತು.

ಬೇರೆ ದೇಶಗಳು ಈ ವಿಷಯದಲ್ಲಿ ಬಹುದೂರ ಸಾಗಿವೆ. ಸ್ವೀಡನ್ 1985ರಲ್ಲೇ ದಾನಿಯ ಗುರುತು ತಿಳಿಯುವ ಹಕ್ಕನ್ನು ಮಗುವಿಗೆ ಕೊಟ್ಟಿತು. ಬ್ರಿಟನ್ 2005ರ ಏಪ್ರಿಲ್ 1ರಿಂದ ಅನಾಮಧೇಯ ದಾನವನ್ನು ಕೊನೆಗಾಣಿಸಿತು. ಆ ನಿಯಮದಡಿ ಹುಟ್ಟಿದವರು 2023ರಿಂದ 18 ತುಂಬಿಸಿಕೊಂಡು ಮಾಹಿತಿ ಕೇಳತೊಡಗಿದ್ದಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2017ರಲ್ಲಿ ಹಳೆಯ ದಾನಗಳಿಗೂ ಈ ಹಕ್ಕನ್ನು ವಿಸ್ತರಿಸಿತು. ಅಮೆರಿಕದಲ್ಲಿ ಕೊಲೊರಾಡೋ ರಾಜ್ಯದ ಇಂಥದ್ದೇ ಕಾಯ್ದೆ 2025ರ ಜನವರಿಯಿಂದ ಜಾರಿಯಲ್ಲಿದೆ.

ಇದಕ್ಕೆ ವೈದ್ಯಕೀಯ ಕಾರಣವೂ ಇದೆ. ಕ್ಯಾನ್ಸರ್ ತರಬಲ್ಲ ಅಪರೂಪದ ಜೀನ್ ದೋಷವಿದ್ದ ಒಬ್ಬ ದಾನಿಯ ವೀರ್ಯದಿಂದ ಯುರೋಪಿನ ಹಲವು ದೇಶಗಳಲ್ಲಿ ಕನಿಷ್ಠ 67 ಮಕ್ಕಳು ಹುಟ್ಟಿದ್ದು, ಅವರಲ್ಲಿ ಹತ್ತು ಮಂದಿಗೆ ಕ್ಯಾನ್ಸರ್ ಬಂದದ್ದು 2025ರ ಮೇ ತಿಂಗಳಲ್ಲಿ ಬೆಳಕಿಗೆ ಬಂತು. ಒಬ್ಬ ದಾನಿಗೆ ಒಂದೇ ಕುಟುಂಬ ಎಂಬ ನಮ್ಮ ನಿಯಮ ಇಂಥ ಅನಾಹುತ ಹಬ್ಬುವುದನ್ನು ತಡೆಯುತ್ತದೆ. ದಾನಿಗಳ ಕೊರತೆಗೆ, ಖರ್ಚು ಏರುವುದಕ್ಕೆ ಅದೇ ನಿಯಮ ಕಾರಣ ಎಂಬ ವೈದ್ಯರ ದೂರಿನಲ್ಲೂ ಹುರುಳಿದೆ. ಹಾಗಿದ್ದರೂ ದಾನಿಗೆ ಮುಂದೆ ಕಾಯಿಲೆ ಕಾಣಿಸಿಕೊಂಡರೆ ಆ ಸುದ್ದಿ ಮಗುವಿಗೆ ತಲುಪುವ ದಾರಿ ಇರಲೇಬೇಕು.

ಗುಟ್ಟು ಉಳಿಯುತ್ತದೆಂಬ ನಂಬಿಕೆಗೂ ಈಗ ಆಧಾರವಿಲ್ಲ. ಎಂಜಲಿನ ಮಾದರಿ ಅಂಚೆಯಲ್ಲಿ ಕಳಿಸಿ ವಂಶದ ಬೇರು ಹುಡುಕುವ ಡಿಎನ್‌ಎ ಕಿಟ್‌ಗಳು ಅಮೆರಿಕದಲ್ಲಿ ಹಬ್ಬದ ಉಡುಗೊರೆಯಾಗಿವೆ. ಅಲ್ಲಿ ಬೆಳೆಯುವ ಕನ್ನಡಿಗರ ಮಕ್ಕಳು ಅದನ್ನು ಕುತೂಹಲಕ್ಕೆ ಮಾಡಿಸಿದರೂ ಸಾಕು, ಚಿಕ್ಕಪ್ಪನ ಮಕ್ಕಳೊಡನೆ ಹೊಂದಬೇಕಾದದ್ದು ಹೊಂದದೆ ಹೋದಾಗ ಪ್ರಶ್ನೆ ಏಳುತ್ತದೆ. ಸತ್ಯ ಪರದೆಯ ಮೇಲಿನ ಶೇಕಡಾವಾರಿನಿಂದ ತಿಳಿಯುವುದಕ್ಕಿಂತ ಅಮ್ಮ ಅಪ್ಪನ ಬಾಯಿಂದ ತಿಳಿಯುವುದು ಸಾವಿರ ಪಾಲು ಮೇಲು.

ಯಾವಾಗ ಹೇಳಬೇಕು? ಕೇಂಬ್ರಿಜ್ ವಿಶ್ವವಿದ್ಯಾಲಯದ ಸೂಸನ್ ಗೊಲೊಂಬಾಕ್ ಮತ್ತು ಸಂಗಡಿಗರು ದಾನಿಯ ನೆರವಿನಿಂದ ಹಾಗೂ ಬಾಡಿಗೆ ತಾಯ್ತನದಿಂದ ಮೂಡಿದ ಕುಟುಂಬಗಳನ್ನು ಮಗು ಚಿಕ್ಕದಿದ್ದಾಗಿನಿಂದ 20 ವರ್ಷದವರೆಗೆ ಹಿಂಬಾಲಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಮಕ್ಕಳ ಮಾನಸಿಕ ಸ್ವಾಸ್ಥ್ಯ ಸಹಜವಾಗಿ ಹುಟ್ಟಿದವರಷ್ಟೇ ಚೆನ್ನಾಗಿತ್ತು. ಏಳು ವರ್ಷದೊಳಗೆ ವಿಷಯ ತಿಳಿದವರಲ್ಲಿ ತಾಯಿಯೊಡನೆಯ ಬಾಂಧವ್ಯ ಇನ್ನೂ ಚೆನ್ನಾಗಿತ್ತು. ‘ನಿನ್ನನ್ನು ಪಡೆಯೋಕೆ ಡಾಕ್ಟರು ಮತ್ತೆ ಒಬ್ಬ ಒಳ್ಳೆಯ ಮಾಮ ನಮಗೆ ಸಹಾಯ ಮಾಡಿದ್ರು ಕಂದ’ ಎಂಬ ಮಾತು ಮೂರು ವರ್ಷದ ಮಗುವಿಗೆ ಕಥೆಯಂತೆ ಇಳಿಯುತ್ತದೆ. ಅದನ್ನೇ ಮೂವತ್ತರಲ್ಲಿ, ಆಸ್ತಿ ಜಗಳದ ನಡುವೆ ಯಾರೋ ಚುಚ್ಚಿ ಹೇಳಿದರೆ ಬದುಕೇ ಬಿರಿಯುತ್ತದೆ.

ವಂಶವೆಂದರೆ

ನಮ್ಮ ಪರಂಪರೆ ಇದಕ್ಕೆ ಒಪ್ಪದು ಎನ್ನುವವರು ಮಹಾಭಾರತವನ್ನು ನೆನೆಯಲಿ. ನಿಯೋಗದಿಂದ ಹುಟ್ಟಿದ ಧೃತರಾಷ್ಟ್ರ, ಪಾಂಡುವಿನ ಜನ್ಮ ಅರಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಾಂಡವರ ಹುಟ್ಟೂ ಬಚ್ಚಿಟ್ಟದ್ದಲ್ಲ, ಅವರು ಪಾಂಡುವಿನ ಮಕ್ಕಳಾಗಿಯೇ ಉಳಿದರು. ಹುಟ್ಟನ್ನು ಮುಚ್ಚಿಟ್ಟದ್ದು ಕರ್ಣನೊಬ್ಬನಿಗೆ. ಸತ್ಯ ಅವನಿಗೆ ತಿಳಿದದ್ದು ಯುದ್ಧದ ಹೊಸ್ತಿಲಲ್ಲಿ, ಯಾವ ಸಂಬಂಧವನ್ನೂ ಸರಿಪಡಿಸಲಾಗದ ಹೊತ್ತಿನಲ್ಲಿ. ಪಂಪನಿಂದ ಇಂದಿನವರೆಗೆ ಕನ್ನಡ ಮನಸ್ಸು ಕರ್ಣನಿಗಾಗಿ ಮರುಗುತ್ತಲೇ ಬಂದಿದೆ.

ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965) ಇದೇ ಗಾಯವನ್ನು ನಮ್ಮ ಕಾಲಕ್ಕೆ ತಂದಿತು. ವಂಶದ ಪಾವಿತ್ರ್ಯವನ್ನೇ ಬಾಳಿನ ಆಧಾರವೆಂದು ನಂಬಿದ ಶ್ರೀನಿವಾಸ ಶ್ರೋತ್ರಿಯರಿಗೆ ಇಳಿವಯಸ್ಸಿನಲ್ಲಿ ತಿಳಿಯುತ್ತದೆ: ಆಸ್ತಿ ದಾಯಾದಿಯ ಪಾಲಾಗದಿರಲೆಂದು ಬೇರೊಬ್ಬನಿಂದ ಪಡೆದ ಮಗು ತಾವು. ಅವರನ್ನು ಕುಸಿಯುವಂತೆ ಮಾಡುವುದು ಯಾರ ಬೀಜ ಎಂಬ ಸಂಗತಿ ಮಾತ್ರವಲ್ಲ. ಒಂದಿಡೀ ಆಯುಷ್ಯ ತಿಳಿಯದೆ ಬಾಳಿದ್ದೂ, ಆ ಹುಟ್ಟಿನ ಹಿಂದೆ ಪ್ರೀತಿಯ ಬದಲು ಹಗೆ ಇದ್ದದ್ದೂ ಅಷ್ಟೇ ಕಾರಣ. ಇವತ್ತು ಈ ದಾರಿ ಹಿಡಿಯುವ ದಂಪತಿ ಬಯಸುವುದು ಆಸ್ತಿಗೆ ವಾರಸುದಾರನನ್ನಲ್ಲ, ಎತ್ತಿ ಆಡಿಸಲು ಒಂದು ಮಗುವನ್ನು. ಹಾಗಿದ್ದಮೇಲೆ ಬಚ್ಚಿಡುವ ಅಗತ್ಯವೇನು?

ದಾನಿಯ ಎತ್ತರ, ಬಣ್ಣ, ಓದು ಕೇಳುವುದು ಸಹಜ. ಜಾತಿ ಕೇಳುವವರೂ ಇದ್ದಾರೆ. ವೀರ್ಯಾಣುವಿನಲ್ಲಿ ಜಾತಿಯೂ ಇಲ್ಲ, ಗೋತ್ರವೂ ಇಲ್ಲ. ಕೇಳಲೇಬೇಕಾದ ಪ್ರಶ್ನೆಗಳು ಬೇರೆ: ಬ್ಯಾಂಕ್ ನೋಂದಣಿಯಾಗಿದೆಯೇ? ಥಲಸ್ಸೀಮಿಯಾದಂಥ ಆನುವಂಶಿಕ ದೋಷಗಳ ಪರೀಕ್ಷೆ ಆಗಿದೆಯೇ? ಸೋಂಕಿನ ಮರುಪರೀಕ್ಷೆ ನಡೆದಿದೆಯೇ? ದಾಖಲೆಯ ಪ್ರತಿ ನಮಗೆ ಸಿಗುತ್ತದೆಯೇ? ಅದಕ್ಕೂ ಮೊದಲು ಮನೆಯೊಳಗೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ತನ್ನ ಮಗು ತನ್ನಂತೆ ಇರುವುದಿಲ್ಲ ಎಂಬ ದುಃಖವನ್ನು ಗಂಡ ಅತ್ತು ಹಗುರಾಗಿದ್ದಾನೆಯೇ? ಆ ದುಃಖಕ್ಕೆ ಸಮಯ ಕೊಡದೆ ಅವಸರದಲ್ಲಿ ಒಪ್ಪಿಸಿದ ತಂದೆತನ ಮುಂದೆ ಮಗುವಿಗೇ ಭಾರವಾಗುತ್ತದೆ. ಆಪ್ತಸಲಹೆ ಕೊಡುವುದನ್ನು ಕಾಯ್ದೆ ಕಡ್ಡಾಯ ಮಾಡಿದೆ. ಅದು ಹತ್ತು ನಿಮಿಷದ ಸಹಿ ಶಾಸ್ತ್ರವಾಗದಂತೆ ದಂಪತಿಯೇ ಪಟ್ಟು ಹಿಡಿಯಬೇಕು.

ಸರ್ಕಾರ ಮಾಡಬೇಕಾದದ್ದು ಕಷ್ಟದ್ದಲ್ಲ. ದಾನಿಯ ಹೆಸರು, ವಿಳಾಸ, ಆಧಾರ್ ಸಂಖ್ಯೆಯನ್ನು ಬ್ಯಾಂಕ್ ಈಗಲೇ ದಾಖಲಿಸುತ್ತಿದೆ. ಹತ್ತು ವರ್ಷದ ಬಳಿಕ ಕ್ಲಿನಿಕ್ಕು, ಬ್ಯಾಂಕುಗಳ ದಾಖಲೆ ರಾಷ್ಟ್ರೀಯ ನೋಂದಣಿ ವ್ಯವಸ್ಥೆಗೆ ಸೇರಬೇಕೆಂದು ಕಾಯ್ದೆಯೇ ಹೇಳಿದೆ. ಮಾಹಿತಿ ಇದೆ, ಇಡುವ ಜಾಗವೂ ಇದೆ. ಕೊರತೆಯಿರುವುದು ಒಂದು ಕಲಮು ಮಾತ್ರ: 18 ತುಂಬಿದ ವ್ಯಕ್ತಿ ಕೇಳಿದರೆ ದಾನಿಯ ಆರೋಗ್ಯ ಚರಿತ್ರೆಯನ್ನು ಕೊಡಬೇಕು, ಇನ್ನು ಮುಂದೆ ದಾನ ಮಾಡುವವರ ಮಟ್ಟಿಗೆ, ಮೊದಲೇ ಒಪ್ಪಿಗೆ ಪಡೆದು, ಗುರುತನ್ನೂ ಕೊಡಬೇಕು. ದಾನಿಗೆ ಹೊಣೆ ಬೇಡ, ಆಸ್ತಿಯಲ್ಲಿ ಪಾಲು ಕೇಳುವ ಭಯವೂ ಬೇಡ, ಅದನ್ನು ಕಾಯ್ದೆ ಈಗಾಗಲೇ ನೋಡಿಕೊಂಡಿದೆ. ಕಾಯ್ದೆ ಬದಲಾಗುವವರೆಗೆ ತಂದೆತಾಯಿ ಕಾಯಬೇಕಿಲ್ಲ. ದಾನಿಯ ಹೆಸರು ಅವರಿಗೆ ಗೊತ್ತಿರಲಾರದು. ಮಗು ಹೇಗೆ ಬಂತು, ಎಷ್ಟು ಹಂಬಲಿಸಿ ಬಂತು ಎಂಬುದು ಗೊತ್ತಿದೆ. ಅದನ್ನು ಹೇಳಲು ಯಾವ ನೋಂದಣಿಯೂ ಬೇಡ. ದಾನಿಯ ನೆರವಿನಿಂದ ಮಗು ಪಡೆಯುವುದು ಪ್ರಾಮಾಣಿಕವಾದ, ಗೌರವದ ದಾರಿ. ಅದರಲ್ಲಿ ನಡೆಯುವವರು ನಾಚಿಕೆಪಡಬೇಕಾದದ್ದು ಏನೂ ಇಲ್ಲ, ಮಗುವಿನಿಂದ ಮುಚ್ಚಿಡಬೇಕಾದದ್ದಂತೂ ಇಲ್ಲವೇ ಇಲ್ಲ.